ಕಲಿಯುವ ಕೈಗಳು, ನಂಬಿದ ಮಕ್ಕಳು

ಈಜು ಕಲಿಯಬೇಕಾದರೆ ನೀರಿಗೆ ಇಳಿಯಲೇಬೇಕು ಎನ್ನುತ್ತಾರೆ. ಆದರೆ ಚಿಕಿತ್ಸೆಯ ವಿದ್ಯೆಯಲ್ಲಿ ಈ ಮಾತು ಅಷ್ಟು ಸರಳವಲ್ಲ. ಇಲ್ಲಿ ನೀರಿಗೆ ಇಳಿಯುವವರು ಒಬ್ಬರು, ಮುಳುಗುವ ಅಪಾಯ ಇನ್ನೊಬ್ಬರಿಗೆ. ಹೊಲಿಗೆ ಕಲಿಯುವ ಹುಡುಗಿ ಬಟ್ಟೆ ಕೆಡಿಸಿದರೆ ಬೇರೆ ಬಟ್ಟೆ ತರಬಹುದು. ಹಲ್ಲಿನ ಚಿಕಿತ್ಸೆ ಕಲಿಯುವವಳು ಹಲ್ಲು ಕೆಡಿಸಿದರೆ ಅದನ್ನು ಯಾವ ಅಂಗಡಿಯಿಂದ ತರುವುದು? ಹಾಗೆಂದು ಯಾರೂ ಕಲಿಯದಿದ್ದರೆ ನಾಳೆ ನಮ್ಮ ಮಕ್ಕಳ ಹಲ್ಲು ನೋಡುವವರು ಯಾರು?

ಈ ಎರಡು ಪ್ರಶ್ನೆಗಳ ನಡುವೆ ದಾರಿ ಹುಡುಕುವುದೇ ಕ್ಲಿನಿಕಲ್ ತರಬೇತಿಯ ಕೆಲಸ. ಆಸ್ಟ್ರೇಲಿಯ ಮತ್ತು ನ್ಯೂಝಿಲೆಂಡ್‌ಗಳಲ್ಲಿ 'ಓರಲ್ ಹೆಲ್ತ್ ಥೆರಪಿಸ್ಟ್' ಎಂಬ ಒಂದು ವೃತ್ತಿ ಇದೆ. ಇವರು ದಂತವೈದ್ಯರಲ್ಲ, ದಂತವೈದ್ಯರ ಪಕ್ಕದಲ್ಲಿ ಉಪಕರಣ ಹಿಡಿದು ನಿಲ್ಲುವ ಸಹಾಯಕರೂ ಅಲ್ಲ. ಮೂರು ವರ್ಷದ ಪದವಿ ಓದಿ, ಸರಕಾರಿ ನೋಂದಣಿ ಪಡೆದು, ತಾವೇ ಚಿಕಿತ್ಸೆ ನೀಡುವವರು. ಹಲ್ಲಿನ ಪರೀಕ್ಷೆ, ಗಾರೆ ತೆಗೆಯುವುದು, ಹುಳುಕು ತೆಗೆದು ಕುಳಿ ತುಂಬುವುದು, ಮಕ್ಕಳ ಹಾಲುಹಲ್ಲು ಕೀಳುವುದು, ಹುಳುಕು ಬಾರದಂತೆ ಲೇಪ ಹಚ್ಚುವುದು ಇವರ ಕೆಲಸ. ಶಾಶ್ವತ ಹಲ್ಲು ಕೀಳುವುದು, ಕಟ್ಟು ಹಲ್ಲು ಕೂರಿಸುವುದು, ದೊಡ್ಡ ಶಸ್ತ್ರಚಿಕಿತ್ಸೆ ಇವೆಲ್ಲ ದಂತವೈದ್ಯರ ಪಾಲು.

ಯುದ್ಧದಿಂದ ಹುಟ್ಟಿದ ವೃತ್ತಿ

ಒಂದನೇ ಮಹಾಯುದ್ಧದ ಕಾಲದಲ್ಲಿ ನ್ಯೂಝಿಲೆಂಡಿನ ಸೈನ್ಯಕ್ಕೆ ಸೇರಲು ಬಂದ ಯುವಕರ ಬಾಯಿ ತೆರೆದು ನೋಡಿದಾಗ ಅಧಿಕಾರಿಗಳು ದಂಗಾದರು. ಹುಳುಕು ಹಲ್ಲಿನಿಂದಾಗಿ ಹಲವರು ಸೇವೆಗೇ ಅನರ್ಹರಾಗಿದ್ದರು. ರೋಗ ಬೇರೂರಿದ್ದು ಬಾಲ್ಯದಲ್ಲಿ, ಆದರೆ ಶಾಲೆ ಶಾಲೆಗೆ ಹೋಗಿ ಮಕ್ಕಳ ಹಲ್ಲು ನೋಡುವಷ್ಟು ದಂತವೈದ್ಯರು ದೇಶದಲ್ಲಿ ಇರಲಿಲ್ಲ. ಸೈನ್ಯದ ದಂತ ವಿಭಾಗವನ್ನು ನಡೆಸಿದ್ದ ಥಾಮಸ್ ಹಂಟರ್ ಒಂದು ಉಪಾಯ ಮುಂದಿಟ್ಟರು. ಯುವತಿಯರನ್ನು ಆರಿಸಿ, ಎರಡು ವರ್ಷ ಕಟ್ಟುನಿಟ್ಟಾಗಿ ಕಲಿಸಿ, ಮಕ್ಕಳ ಸಾಮಾನ್ಯ ಚಿಕಿತ್ಸೆಯನ್ನು ಅವರ ಕೈಗೇ ಒಪ್ಪಿಸುವುದು. 1921ರಲ್ಲಿ ವೆಲ್ಲಿಂಗ್ಟನ್‌ನಲ್ಲಿ 'ಸ್ಕೂಲ್ ಡೆಂಟಲ್ ನರ್ಸ್' ತರಬೇತಿ ಆರಂಭವಾಯಿತು. 1923ರಲ್ಲಿ ಸುಮಾರು 30 ಮಂದಿಯ ಮೊದಲ ತಂಡ ಹೊರಬಂತು. ಹಲವು ದಂತವೈದ್ಯರು ಇದನ್ನು ವಿರೋಧಿಸಿದ್ದರು. ಆದರೂ ಯೋಜನೆ ನಿಂತಿತು. 1949ರಲ್ಲಿ ಮಲಾಯದ ಪೆನಾಂಗ್‌ನಲ್ಲಿ ಇಂತಹುದೇ ಶಾಲೆ ತೆರೆಯಿತು. 1960ರ ದಶಕದಲ್ಲಿ ಆಸ್ಟ್ರೇಲಿಯದ ಟ್ಯಾಸ್ಮೇನಿಯ ಮತ್ತು ದಕ್ಷಿಣ ಆಸ್ಟ್ರೇಲಿಯ ರಾಜ್ಯಗಳೂ ಇದೇ ದಾರಿ ಹಿಡಿದವು.

ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. ನ್ಯೂಝಿಲೆಂಡಿನ ಮಕ್ಕಳು ಶಾಲೆಯ ಆ ಪುಟ್ಟ ದಂತ ಚಿಕಿತ್ಸಾಲಯಕ್ಕೆ ಇಟ್ಟ ಹೆಸರು 'ಮರ್ಡರ್ ಹೌಸ್', ಅಂದರೆ ಕೊಲೆಮನೆ! ಕಾಲಿನಿಂದ ತುಳಿದು ತಿರುಗಿಸುವ ಕೊರೆಯುವ ಯಂತ್ರ, ಮರಗಟ್ಟಿಸುವ ಚುಚ್ಚುಮದ್ದಿಲ್ಲದೆ ಹಲ್ಲು ಕೊರೆಯುವ ನೋವು. ಲಕ್ಷಾಂತರ ಮಕ್ಕಳ ಹಲ್ಲು ಉಳಿದದ್ದು ನಿಜ. ಜೊತೆಗೆ ದಂತ ಚಿಕಿತ್ಸೆಯ ಭಯವೂ ಅನೇಕರಲ್ಲಿ ಉಳಿದುಬಿಟ್ಟಿತು. ಕೈಗೆ ಕೆಲಸ ಕಲಿಸಿದರೆ ಸಾಲದು, ಮಗುವಿನ ಮನಸ್ಸನ್ನು ನೋಡುವುದನ್ನೂ ಕಲಿಸಬೇಕು ಎಂಬ ಪಾಠ ಇಲ್ಲಿದೆ. ಇಂದಿನ ತರಬೇತಿ ನಿಂತಿರುವುದೇ ಇದರ ಮೇಲೆ.

ಮೊದಲು ಗೊಂಬೆ, ನಂತರ ಸಹಪಾಠಿ

ವಿದ್ಯಾರ್ಥಿನಿ ಕಾಲೇಜಿಗೆ ಸೇರಿದ ಕೂಡಲೇ ರೋಗಿಯ ಬಾಯಿಗೆ ಕೈ ಹಾಕುವಂತಿಲ್ಲ. ಮೊದಲು ಪ್ರಯೋಗಾಲಯದಲ್ಲಿ 'ಫ್ಯಾಂಟಮ್ ಹೆಡ್' ಎಂಬ ಗೊಂಬೆ ತಲೆ. ಅದಕ್ಕೆ ರಬ್ಬರಿನ ಕೆನ್ನೆ, ಪ್ಲಾಸ್ಟಿಕ್ ಹಲ್ಲು. ಹಲ್ಲು ಕೆಟ್ಟರೆ ಸ್ಕ್ರೂ ಬಿಚ್ಚಿ ಹೊಸದು ಹಾಕಬಹುದು. ಕನ್ನಡಿಯಲ್ಲಿ ಕಾಣುವ ತಿರುಗುಮುರುಗು ಬಿಂಬವನ್ನು ನೋಡಿಕೊಂಡು ಕೈಯಾಡಿಸುವುದು, ಬೆನ್ನು ಬಾಗಿಸದೆ ಕೂರುವುದು, ನಾಲಿಗೆಗೆ ತಾಗದಂತೆ ಉಪಕರಣ ಹಿಡಿಯುವುದು, ಇದೆಲ್ಲ ಇಲ್ಲಿ ನೂರಾರು ಸಲ ನಡೆಯುತ್ತದೆ. ಆಮೇಲೆ ಸಹಪಾಠಿಗಳು ಒಬ್ಬರ ಹಲ್ಲನ್ನು ಒಬ್ಬರು ಪರೀಕ್ಷಿಸುತ್ತಾರೆ, ಸ್ವಚ್ಛಗೊಳಿಸುತ್ತಾರೆ. ಹಲವು ಕಾಲೇಜುಗಳಲ್ಲಿ ಮರಗಟ್ಟಿಸುವ ಚುಚ್ಚುಮದ್ದನ್ನೂ ಮೊದಲು ಪರಸ್ಪರರಿಗೇ ಕೊಡುತ್ತಾರೆ. ಸೂಜಿ ಹಿಡಿಯುವ ಮುನ್ನ ಸೂಜಿಯ ರುಚಿ ತಾನೂ ನೋಡಿರಬೇಕು ಎಂಬುದು ಒಳ್ಳೆಯ ನಿಯಮವಲ್ಲವೇ?

ರೋಗಿಯ ಬಳಿ ಹೋಗಲು ಕಾಗದಪತ್ರಗಳ ಬಾಗಿಲೂ ಇದೆ. ಆಸ್ಟ್ರೇಲಿಯದಲ್ಲಿ ಈ ವಿದ್ಯಾರ್ಥಿಗಳು ಓದುವಾಗಲೇ ನೋಂದಣಿಯಾಗಿರಬೇಕು. ಹೆಪಟೈಟಿಸ್ ಬಿ ಮುಂತಾದ ಲಸಿಕೆಗಳ ದಾಖಲೆ, ಪೊಲೀಸ್ ಪರಿಶೀಲನೆ, ಮಕ್ಕಳೊಂದಿಗೆ ಕೆಲಸ ಮಾಡಲು ಬೇಕಾದ ಪ್ರತ್ಯೇಕ ಅನುಮತಿ, ಇವಿಲ್ಲದೆ ಚಿಕಿತ್ಸಾಲಯದ ಹೊಸ್ತಿಲು ದಾಟುವಂತಿಲ್ಲ. ಮಗುವಿನ ಸುರಕ್ಷೆ ಪಾಠಕ್ಕಿಂತ ಮೊದಲು ಬರುತ್ತದೆ.

ಕುರ್ಚಿಯ ಮೇಲೆ ಆರು ವರ್ಷದ ಮಗು

ಒಂದು ಉದಾಹರಣೆ ತೆಗೆದುಕೊಳ್ಳೋಣ. ಆರು ವರ್ಷದ, 20 ಕಿಲೋ ತೂಕದ ಮಗು. ಹಾಲುಹಲ್ಲಿನ ದವಡೆಯಲ್ಲಿ ಹುಳುಕು. ವಿದ್ಯಾರ್ಥಿನಿ ಮೊದಲು ತಾಯಿಯೊಡನೆ ಮಾತನಾಡುತ್ತಾಳೆ. ಉಬ್ಬಸ ಇದೆಯೇ, ಹೃದಯದ ತೊಂದರೆ ಇದೆಯೇ, ಯಾವ ಔಷಧಿ ಒಗ್ಗುವುದಿಲ್ಲ? "ನಾನು ವಿದ್ಯಾರ್ಥಿನಿ, ನನ್ನ ಅಧ್ಯಾಪಕಿ ಇಲ್ಲೇ ಇರುತ್ತಾರೆ, ನಿಮ್ಮ ಒಪ್ಪಿಗೆ ಇದೆಯೇ?" ಎಂದು ಕೇಳುತ್ತಾಳೆ. ತಾಯಿಗೆ ಇಂಗ್ಲಿಷ್ ಬಾರದಿದ್ದರೆ ಫೋನಿನಲ್ಲಿ ಭಾಷಾಂತರಕಾರರನ್ನು ಕರೆಯುವ ವ್ಯವಸ್ಥೆ ಇದೆ. ಅಲ್ಲಿಗೆ ಹೋಗಿ ನೆಲೆಸಿದ ನಮ್ಮವರು ಇದನ್ನು ತಿಳಿದಿರಬೇಕು. ಮಗುವೇ ಅಮ್ಮನಿಗೆ ಮಾತು ತಿರುಗಿಸಿ ಹೇಳುವಂತಾಗಬಾರದು.

ನಂತರ ಪರೀಕ್ಷೆ. ಇಲ್ಲಿ ಹೆತ್ತವರೂ ಗಮನಿಸಬೇಕಾದ ಸಂಗತಿಯೊಂದಿದೆ. ಆರನೆಯ ವಯಸ್ಸಿನ ಆಸುಪಾಸಿನಲ್ಲಿ ಹಾಲುಹಲ್ಲುಗಳ ಹಿಂದೆ ಒಂದು ದವಡೆ ಹಲ್ಲು ಸದ್ದಿಲ್ಲದೆ ಹುಟ್ಟುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲ. ಹಾಗಾಗಿ ಅದೂ ಹಾಲುಹಲ್ಲೇ ಇರಬೇಕು, ಹೇಗೂ ಬೀಳುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಅದು ಜೀವನಪೂರ್ತಿ ಇರಬೇಕಾದ ಹಲ್ಲು! ಅದರ ಆಳವಾದ ಗೆರೆಗಳನ್ನು ಲೇಪದಿಂದ ಮುಚ್ಚಿದರೆ ಹುಳುಕು ತಗಲುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ. ಅದನ್ನು ಗುರುತಿಸಿ ತಾಯಿಗೆ ತೋರಿಸುವುದೂ ತರಬೇತಿಯ ಭಾಗ.

ಕಂಡದ್ದನ್ನು, ಮಾಡಬೇಕೆಂದಿರುವುದನ್ನು ಅಧ್ಯಾಪಕಿಗೆ ಒಪ್ಪಿಸಿದ ಮೇಲೆಯೇ ಮುಂದಿನ ಹೆಜ್ಜೆ. ಮರಗಟ್ಟಿಸುವ ಔಷಧಿಗೂ ಲೆಕ್ಕ ಒಪ್ಪಿಸಬೇಕು. ಸಾಮಾನ್ಯವಾಗಿ ಕಲಿಸುವ ಮಿತಿ ಒಂದು ಕಿಲೋ ತೂಕಕ್ಕೆ 4.4 ಮಿಲಿಗ್ರಾಂ ಲಿಗ್ನೊಕೇನ್. 20 ಕಿಲೋ ಮಗುವಿಗೆ 88 ಮಿಲಿಗ್ರಾಂ. ಅಲ್ಲಿ ಬಳಸುವ 2.2 ಮಿಲಿಲೀಟರ್‌ನ ಒಂದು ಕೊಳವೆಯಲ್ಲಿ 44 ಮಿಲಿಗ್ರಾಂ ಇರುತ್ತದೆ. ಅಂದರೆ ಎರಡು ಕೊಳವೆಗೆ ಗರಿಷ್ಠ ಮಿತಿ ಮುಟ್ಟಿತು. ದೊಡ್ಡವರಿಗೆ ಏನೂ ಅಲ್ಲದ ಪ್ರಮಾಣ ಮಗುವಿಗೆ ಅಪಾಯವಾಗಬಹುದು. ಗುಣಾಕಾರದ ಮಗ್ಗಿಗೆ ಇಷ್ಟು ಬೆಲೆ ಇದೆಯೆಂದು ಶಾಲೆಯಲ್ಲಿ ನಮ್ಮ ಮಕ್ಕಳಿಗೆ ಹೇಳಬೇಕು.

ಚುಚ್ಚುವಾಗ ಅಧ್ಯಾಪಕಿ ಪಕ್ಕದಲ್ಲಿರುತ್ತಾರೆ. ಹುಳುಕು ತೆಗೆದ ಮೇಲೆ ಒಮ್ಮೆ ನೋಡುತ್ತಾರೆ, ತುಂಬಿದ ಮೇಲೆ ಮತ್ತೊಮ್ಮೆ. ಮಗುವಿಗಾಗಿ ಇನ್ನೊಂದು ವಿಧಾನ: ಹೇಳು, ತೋರಿಸು, ಮಾಡು. ಯಂತ್ರದ ಶಬ್ದವನ್ನು ಮೊದಲು ಕೇಳಿಸಿ, ನೀರನ್ನು ಬೆರಳಿನ ಮೇಲೆ ಬಿಟ್ಟು ತೋರಿಸಿ, ಬಳಿಕ ಬಾಯಿಯೊಳಗೆ. ನೋವಾದರೆ ಎಡಗೈ ಎತ್ತು ಎಂದು ಮಗುವಿಗೆ ಹೇಳಿಕೊಟ್ಟಿರುತ್ತಾರೆ. ಕೈ ಎತ್ತಿದರೆ ನಿಲ್ಲಿಸಲೇಬೇಕು. ಕೊಲೆಮನೆಯ ಕಾಲದ ಮಗುವಿಗೆ ಇಲ್ಲದಿದ್ದ ಅಧಿಕಾರ ಇದು. ಕೆಲವೊಮ್ಮೆ ಕೊರೆಯುವ ಅಗತ್ಯವೇ ಇರುವುದಿಲ್ಲ. ಸ್ಕಾಟ್ಲೆಂಡಿನ ದಂತವೈದ್ಯೆ ನೋರ್ನಾ ಹಾಲ್ ಅವರ ಹೆಸರಿನ ವಿಧಾನದಲ್ಲಿ ಹುಳುಕಾದ ಹಾಲುಹಲ್ಲಿನ ಮೇಲೆ ಉಕ್ಕಿನ ಟೋಪಿ ಕೂರಿಸಿ ಹುಳುಕನ್ನು ಒಳಗೇ ಮುಚ್ಚಿಬಿಡುತ್ತಾರೆ. ಚುಚ್ಚುಮದ್ದೂ ಇಲ್ಲ, ಯಂತ್ರವೂ ಇಲ್ಲ.

ಲೆಕ್ಕದ ಪುಸ್ತಕ ದೊಡ್ಡದೋ, ಮಗು ದೊಡ್ಡದೋ?

ಎಷ್ಟು ಮಂದಿಯನ್ನು ಪರೀಕ್ಷಿಸಿದಳು, ಎಷ್ಟು ಕುಳಿ ತುಂಬಿದಳು, ಎಷ್ಟು ಹಲ್ಲು ಕಿತ್ತಳು ಎಂಬುದನ್ನೆಲ್ಲ ವಿದ್ಯಾರ್ಥಿನಿ ದಾಖಲಿಸಬೇಕು. ಪರೀಕ್ಷೆ ಹತ್ತಿರ ಬಂದಾಗ ಲೆಕ್ಕ ತುಂಬದಿದ್ದರೆ? ನಿಗದಿಯಾದ ರೋಗಿ ಬಾರದೆ ಕುರ್ಚಿ ಖಾಲಿ ಉಳಿದರೆ? 2020ರಲ್ಲಿ ಕೊರೋನಾ ಬಂದಾಗ ತಿಂಗಳುಗಟ್ಟಲೆ ಇದೇ ಸಂಕಟ ಅನೇಕ ಕಾಲೇಜುಗಳನ್ನು ಕಾಡಿತು. ಇಂತಹ ಹೊತ್ತಿನಲ್ಲಿಯೇ ನಿಜವಾದ ಪರೀಕ್ಷೆ ಇರುವುದು. ಕಾದು ನೋಡಬಹುದಾದ ಹಲ್ಲನ್ನು ಲೆಕ್ಕಕ್ಕಾಗಿ ಕೊರೆದರೆ ಅದು ಕಲಿಕೆಯಲ್ಲ, ಅನ್ಯಾಯ. ಅಲುಗಾಡುತ್ತಿರುವ ಹಾಲುಹಲ್ಲು ನಾಲ್ಕು ವಾರದಲ್ಲಿ ತಾನಾಗಿ ಬೀಳುವುದಿದ್ದರೆ ಅದನ್ನು ಬಿಟ್ಟುಬಿಡುವುದೇ ಚಿಕಿತ್ಸೆ. ಅಧ್ಯಾಪಕರು ಪ್ರತಿ ಹಂತಕ್ಕೂ ಸಹಿ ಹಾಕುವುದು ಕೈಚಳಕ ನೋಡಲಿಕ್ಕೆ ಮಾತ್ರವಲ್ಲ, ಈ ವಿವೇಕವನ್ನು ನೋಡಲಿಕ್ಕೆ ಕೂಡ.

ಹೀಗಾಗಿ ಈ ತರಬೇತಿಯ ಅತ್ಯಂತ ಕಠಿಣ ಪಾಠ ಮೂರು ಮಾತುಗಳದು: "ಇದು ನನಗೆ ತಿಳಿಯುತ್ತಿಲ್ಲ, ನೋಡಿ", "ಇದು ನನ್ನ ವ್ಯಾಪ್ತಿಯದ್ದಲ್ಲ, ದಂತವೈದ್ಯರಿಗೆ ಕಳಿಸೋಣ", "ಇವತ್ತು ಮಗು ಸಿದ್ಧವಿಲ್ಲ, ಇನ್ನೊಂದು ದಿನ ಮಾಡೋಣ". ಇವನ್ನು ನಾಚಿಕೆಯಿಲ್ಲದೆ ಹೇಳಬಲ್ಲವಳು ಮಾತ್ರ ನಾಳೆ ಒಬ್ಬಳೇ ಕೆಲಸ ಮಾಡಲು ಯೋಗ್ಯಳು. ಆಸ್ಟ್ರೇಲಿಯದಲ್ಲಿ ಥೆರಪಿಸ್ಟರು ದಂತವೈದ್ಯರ ಜೊತೆಗಿನ ವೃತ್ತಿಸಂಬಂಧದ ಚೌಕಟ್ಟಿನಲ್ಲೇ ಕೆಲಸ ಮಾಡಬೇಕೆಂಬ ನಿಯಮವನ್ನು 2020ರ ಜುಲೈಯಲ್ಲಿ ತೆಗೆಯಲಾಯಿತು. ಸ್ವಾತಂತ್ರ್ಯ ಹೆಚ್ಚಿದಷ್ಟೂ ತನ್ನ ಮಿತಿಯನ್ನು ತಾನೇ ಅರಿಯುವ ಹೊಣೆಯೂ ಹೆಚ್ಚಿತು.

ಊರಿನಿಂದ ದೂರ

ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳನ್ನು ವಿಶ್ವವಿದ್ಯಾನಿಲಯದ ಚಿಕಿತ್ಸಾಲಯದಿಂದ ಹೊರಗೂ ಕಳಿಸುತ್ತಾರೆ. ಶಾಲೆಗಳು, ಸರಕಾರಿ ಕೇಂದ್ರಗಳು, ವೃದ್ಧಾಶ್ರಮಗಳು, ಮೂಲನಿವಾಸಿ ಸಮುದಾಯಗಳ ಆರೋಗ್ಯ ಕೇಂದ್ರಗಳು, ದೂರದ ಗ್ರಾಮೀಣ ಪಟ್ಟಣಗಳು. ಹಲ್ಲುನೋವು ಬಂದರೆ ನೂರಾರು ಕಿಲೋಮೀಟರ್ ಹೋಗಬೇಕಾದವರ ಬದುಕು ಪುಸ್ತಕದಲ್ಲಿ ಸಿಗುವುದಿಲ್ಲ. ಒಬ್ಬ ಅಜ್ಜಿಗೆ ಕೈ ನಡುಗಿ ಬ್ರಷ್ ಹಿಡಿಯಲಾಗದು ಎಂಬುದು ಅವರ ಪಕ್ಕ ಕುಳಿತಾಗಲೇ ತಿಳಿಯುವುದು.

ಆದರೆ ಇದಕ್ಕೆ ಖರ್ಚಿದೆ. ತರಬೇತಿಗೆ ಸಂಬಳವಿಲ್ಲ. ಬಾಡಿಗೆ, ಪ್ರಯಾಣ ಎಲ್ಲ ತಮ್ಮದೇ. ಆ ವಾರಗಳಲ್ಲಿ ಪಾರ್ಟ್ ಟೈಮ್ ದುಡಿಮೆಯೂ ಕಷ್ಟ. ಆಸ್ಟ್ರೇಲಿಯ ಸರಕಾರ 2025ರ ಜುಲೈಯಲ್ಲಿ ಆರಂಭಿಸಿದ ತರಬೇತಿ ಭತ್ಯೆ ಶಿಕ್ಷಕ, ನರ್ಸಿಂಗ್, ಹೆರಿಗೆ ಶುಶ್ರೂಷೆ ಮತ್ತು ಸಮಾಜಕಾರ್ಯ ವಿದ್ಯಾರ್ಥಿಗಳಿಗೆ ಮಾತ್ರ ಎಂದು ಘೋಷಣೆಯಾಯಿತು. ಹಲ್ಲಿನ ವಿದ್ಯಾರ್ಥಿಗಳು ಆ ಪಟ್ಟಿಯಲ್ಲಿ ಇರಲಿಲ್ಲ. ಬಡ ಮನೆಯ ಹುಡುಗಿ ಈ ಕಾರಣಕ್ಕೆ ಹಿಂದೆ ಸರಿದರೆ ನಷ್ಟ ಯಾರಿಗೆ? ಬಡವರ ಬಾಯಿಯ ಕಷ್ಟ ಬಲ್ಲವಳನ್ನೇ ಆ ವೃತ್ತಿ ಕಳೆದುಕೊಳ್ಳುತ್ತದೆ.

ನಮ್ಮ ಹೆತ್ತವರಿಗೆ

ವಿದೇಶದಲ್ಲಿ ಮಕ್ಕಳನ್ನು ಓದಿಸಬೇಕೆಂದಿರುವವರು ಒಂದು ವಿಷಯ ಮೊದಲೇ ತಿಳಿಯಬೇಕು. ನಮ್ಮ 1948ರ ದಂತವೈದ್ಯ ಕಾಯಿದೆ ದಂತವೈದ್ಯರ ಜೊತೆಗೆ ಹೈಜೀನಿಸ್ಟ್ ಮತ್ತು ಮೆಕ್ಯಾನಿಕ್‌ಗಳನ್ನು ಹೆಸರಿಸಿತೇ ಹೊರತು ಥೆರಪಿಸ್ಟರನ್ನಲ್ಲ. ಅಲ್ಲಿ ಓದಿ ಬಂದು ಇಲ್ಲಿ ಅದೇ ಕೆಲಸ ಮಾಡುತ್ತೇನೆ ಎಂದುಕೊಂಡು ಸಾಲ ಮಾಡುವುದು ಜಾಣತನವಲ್ಲ.

ಆದರೆ ಕಲಿಯುವ ಕೈಗಳು ನಮ್ಮಲ್ಲೂ ಇವೆ. ಕರ್ನಾಟಕದ ಡೆಂಟಲ್ ಕಾಲೇಜು ಆಸ್ಪತ್ರೆಗಳಲ್ಲಿ ಬಿಡಿಎಸ್ ವಿದ್ಯಾರ್ಥಿಗಳು ಅಧ್ಯಾಪಕರ ಕಣ್ಣೆದುರಿನಲ್ಲಿ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಕೊಡುತ್ತಾರೆ. "ಅಯ್ಯೋ, ಕಲಿಯುವವರ ಕೈಗೆ ಸಿಕ್ಕಿಬಿಟ್ಟೆವಲ್ಲ" ಎಂದು ಹೆದರಬೇಕಾಗಿಲ್ಲ. ಸಮಯ ಹೆಚ್ಚು ಹಿಡಿಯುತ್ತದೆ, ನಿಜ. ಆದರೆ ಹಂತ ಹಂತಕ್ಕೂ ಇನ್ನೊಂದು ಜೊತೆ ಕಣ್ಣು ನೋಡುತ್ತಿರುತ್ತದೆ. ನೀವೂ ಕೇಳಿ: ಅಧ್ಯಾಪಕರು ನೋಡಿದರೇ? ಏನು ಮಾಡುತ್ತೀರಿ? ಬೇರೆ ದಾರಿ ಇದೆಯೇ? ಕೇಳುವುದು ಅವಮಾನಿಸುವುದಲ್ಲ. ಒಳ್ಳೆಯ ವಿದ್ಯಾರ್ಥಿಗೆ ಅದು ಪಾಠವೇ.

ಮನೆಯಲ್ಲಿಯೂ ನಮ್ಮದೊಂದು ಕೆಲಸವಿದೆ. "ಹಠ ಮಾಡಿದರೆ ಡಾಕ್ಟರರಿಂದ ಸೂಜಿ ಚುಚ್ಚಿಸುತ್ತೇನೆ" ಎಂದು ಮಕ್ಕಳನ್ನು ಹೆದರಿಸುವುದನ್ನು ಬಿಡೋಣ. ಮೂರು ವರ್ಷ ತರಬೇತಿ ಪಡೆದವಳು ಅರ್ಧ ಗಂಟೆ ಕಷ್ಟಪಟ್ಟು ಗಳಿಸುವ ನಂಬಿಕೆಯನ್ನು ನಮ್ಮ ಈ ಒಂದು ಮಾತು ಕೆಡಿಸಿಬಿಡುತ್ತದೆ. ಮಗು ಬಾಯಿ ತೆರೆಯುವುದು ನಂಬಿಕೆಯಿಂದ. ಆ ನಂಬಿಕೆಯನ್ನು ಕಾಯುವ ಹೊಣೆ ಕಲಿಯುವವರದ್ದು, ಕಲಿಸುವವರದ್ದು, ಜೊತೆಗೆ ಕೈ ಹಿಡಿದು ಕರೆತರುವ ನಮ್ಮದೂ ಹೌದು.