ವಿಷದಂಷ್ಟ್ರದ ಬ್ಲೆನಿ ಮೀನೂ ಬಯಲುಸೀಮೆಯ ನೀರೂ

ವಿಷಜಂತುಗಳ ವಿಚಾರವಾಗಿ ಕನ್ನಡ ನುಡಿಯು ಎರಡು ಕ್ರಿಯೆಗಳ ಭೇದವನ್ನು ಪಾಲಿಸುವುದು: ಚೇಳು ಕುಟುಕುತ್ತದೆ, ಹಾವು ಕಚ್ಚುತ್ತದೆ. ವಿಷವುಳ್ಳ ಮೀನುಗಳು ಬಹುಮಟ್ಟಿಗೆ ಮೊದಲನೆಯ ಬಗೆಯವು. ಕೆರೆಕುಂಟೆಗಳಲ್ಲಿ ಬಾಳುವ ಚೇಳುಮೀನು ಎದೆಯ ಈಜುರೆಕ್ಕೆಯ ಮುಳ್ಳಿನಿಂದ ಚುಚ್ಚಿ ನೋಯಿಸುವುದರಿಂದ ಆ ಹೆಸರು ಅದಕ್ಕೆ ಸರಿಯಾಗಿ ಒಪ್ಪುತ್ತದೆ. ಹಾವಿನಂತೆ ಕಚ್ಚಿ ವಿಷವೂಡುವ ಮೀನಾದರೋ ಅತಿ ವಿರಳ. ಬ್ಲೆನಿ ಎಂಬ ಕಡಲಮೀನಿನ ಕುಲದಲ್ಲಿ ಮೆಯಾಕ್ಯಾಂಥಸ್ ಎಂಬ ಪಂಗಡವು ಅಂತಹುದು. ಬಣ್ಣದ ಚೆಲುವಿಗಾಗಿ ಇದನ್ನು ಉಪ್ಪುನೀರಿನ ಗಾಜಿನ ತೊಟ್ಟಿಗಳಲ್ಲಿ ಸಾಕುವ ರೂಢಿಯುಂಟು.

ಈ ಮೀನುಗಳು ಸಾಮಾನ್ಯವಾಗಿ ೧೦ ಸೆಂಟಿಮೀಟರಿನ ಆಸುಪಾಸಿನ ಉದ್ದವುಳ್ಳವು. ಕೆಳದವಡೆಯಲ್ಲಿ ಎರಡು ನೀಳವಾದ ಕೋರೆಹಲ್ಲುಗಳೂ ಅವುಗಳ ಬುಡದಲ್ಲಿ ವಿಷಗ್ರಂಥಿಗಳೂ ಹಲ್ಲಿನ ಮೇಲೆ ವಿಷ ಹರಿಯುವ ಗೀರುಗಳೂ ಇರುವುವು. ಆಹಾರಸಂಪಾದನೆಗೆ ಈ ಹಲ್ಲುಗಳು ಬೇಕಿಲ್ಲ; ಮೀನು ತಿನ್ನುವುದು ನೀರಿನಲ್ಲಿ ತೇಲುವ ಸಣ್ಣ ಜೀವಿಗಳನ್ನು. ದೊಡ್ಡ ಮೀನೊಂದು ತನ್ನನ್ನು ನುಂಗಹೋದಾಗ ಇದು ಅದರ ಬಾಯೊಳಗೇ ಕಚ್ಚುವುದು. ನುಂಗಿದ ಮೀನು ನಡುಗಿ, ದವಡೆ ತೆರೆದು, ಉಗುಳಿಬಿಡುವುದು. ೨೦೧೭ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಈ ವಿಷದಲ್ಲಿ ಅಫೀಮಿನ ಗುಣವುಳ್ಳ ದ್ರವ್ಯವನ್ನು ಗುರುತಿಸಿತು. ಇಲಿಗಳಲ್ಲಿ ಪರೀಕ್ಷಿಸಿದಾಗ ಹೇಳಿಕೊಳ್ಳುವಂತಹ ನೋವು ಕಾಣಲಿಲ್ಲ. ರಕ್ತದ ಒತ್ತಡ ಮಾತ್ರ ಮೂರರಲ್ಲೊಂದು ಪಾಲಿಗಿಂತಲೂ ಹೆಚ್ಚು ಇಳಿಯಿತು. ಚೇಳುಮೀನು ವೈರಿಯನ್ನು ನೋಯಿಸಿ ಬದುಕುವುದು. ಬ್ಲೆನಿಯು ವೈರಿಯ ಕಸುವನ್ನು ಕುಗ್ಗಿಸಿ ಬದುಕುವುದೆಂದು ಸಂಶೋಧಕರ ಊಹೆ.

ಈ ರಕ್ಷಣೆಯ ಲಾಭವನ್ನು ವಿಷವಿಲ್ಲದ ಕೆಲವು ಮೀನುಗಳೂ ಪಡೆಯುತ್ತವೆ. ಅವು ಬಣ್ಣದಲ್ಲಿಯೂ ಚಲನೆಯಲ್ಲಿಯೂ ಮೆಯಾಕ್ಯಾಂಥಸನ್ನೇ ಹೋಲುವುದರಿಂದ ವೈರಿಗಳು ಭ್ರಾಂತಿಗೊಂಡು ದೂರವಿರುವುವು. ಅಲಂಕಾರಶಾಸ್ತ್ರದ ಭ್ರಾಂತಿಮದಲಂಕಾರವು ಇಲ್ಲಿ ಪ್ರಾಣರಕ್ಷಣೆಯ ಉಪಾಯವಾಗಿದೆ. ಸಾಕುವವನಿಗೂ ಈ ಭ್ರಾಂತಿ ತಟ್ಟಬಹುದು. ವೇಷಧಾರಿಗಳಲ್ಲಿ ಪ್ಲ್ಯಾಜಿಯೋಟ್ರೀಮಸ್ ಪಂಗಡದವು ಇತರ ಮೀನುಗಳ ಹುರುಪೆಯನ್ನೂ ಈಜುರೆಕ್ಕೆಯನ್ನೂ ಕಿತ್ತು ತಿನ್ನುವುವು. ನಿಜವಾದ ವಿಷಮೀನು ತೊಟ್ಟಿಯಲ್ಲಿ ಬಹುಮಟ್ಟಿಗೆ ಸಾಧು. ವಿಷವಿಲ್ಲದ ವೇಷಧಾರಿಯೇ ಅಲ್ಲಿ ಪೀಡಕ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಂತಹ ಊರುಗಳಲ್ಲಿ ಇಂತಹ ಮೀನನ್ನು ಸಾಕಹೊರಟರೆ ಮೊದಲು ಎದುರಾಗುವ ಪ್ರಶ್ನೆ ವಿಷದ್ದಲ್ಲ, ನೀರಿನದು. ಕಡಲು ಇಲ್ಲಿಗೆ ೨೦೦ ಕಿಲೋಮೀಟರಿಗೂ ಹೆಚ್ಚು ದೂರ. ಉತ್ತರ ಪಿನಾಕಿನಿ ಗೌರಿಬಿದನೂರಿನ ಬಳಿ ಹಾದುಹೋದರೂ ಅದು ವರ್ಷವಿಡೀ ಹರಿಯುವ ಹೊಳೆಯಲ್ಲ. ಆಳವಾದ ಕೊಳವೆಬಾವಿಗಳ ನೀರು ಗಡಸು. ಹಲವೆಡೆ ಫ್ಲೋರೈಡೂ ನೈಟ್ರೇಟೂ ಬೆರೆತಿರುವುವು. ಆದಕಾರಣ ಆ ನೀರನ್ನು ಮೊದಲು ಸೋಸುಪೊರೆಯ ಯಂತ್ರದಿಂದ ಶುದ್ಧಮಾಡಿ, ಬಳಿಕ ಕಡಲಿನ ಲವಣಗಳ ಮಿಶ್ರಣವನ್ನು ಲೀಟರಿಗೆ ಸುಮಾರು ೩೫ ಗ್ರಾಮಿನಂತೆ ಕರಗಿಸತಕ್ಕದ್ದು. ಅಂದರೆ ೧೦೦ ಲೀಟರಿಗೆ ಮೂರೂವರೆ ಕಿಲೋಗ್ರಾಂ. ಅಡುಗೆಯ ಉಪ್ಪು ಇದಕ್ಕೆ ಸಲ್ಲದು.

ಬೇಸಿಗೆಯ ಒಣಗಾಳಿಗೆ ತೊಟ್ಟಿಯ ನೀರು ಆವಿಯಾಗುವುದು, ಉಪ್ಪು ಮಾತ್ರ ಉಳಿಯುವುದು. ನೀರಿಂಗಿದ ನೆಲದ ಮೇಲೆ ಚೌಳು ಬೆಳ್ಳಗೆ ಏಳುವುದನ್ನು ಕಂಡ ರೈತನಿಗೆ ಈ ತತ್ತ್ವವನ್ನು ಹೇಳಿಕೊಡಬೇಕಾಗಿಲ್ಲ. ಇಳಿದಷ್ಟು ನೀರನ್ನು ಉಪ್ಪು ಬೆರೆಸದ ಶುದ್ಧೋದಕದಿಂದಲೇ ತುಂಬತಕ್ಕದ್ದು. ನೀರಿನ ಉಷ್ಣತೆ ೨೪ರಿಂದ ೨೭ ಡಿಗ್ರಿ ಸೆಲ್ಸಿಯಸ್ ಇದ್ದರೆ ಲೇಸು.

ಕಣ್ಣಿಗೆ ಕಾಣದ ಇನ್ನೊಂದು ವಿಷ ಹೊಸ ತೊಟ್ಟಿಯಲ್ಲಿದೆ. ಮೀನಿನ ಮಲದಿಂದಲೂ ಉಳಿದ ಆಹಾರದಿಂದಲೂ ಅಮೋನಿಯಾ ಹುಟ್ಟುವುದು. ಅದನ್ನು ನೈಟ್ರೈಟಾಗಿಯೂ ಅನಂತರ ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ಕಲ್ಲುಮರಳುಗಳಲ್ಲಿ ನೆಲೆಯೂರಲು ಕೆಲವು ವಾರಗಳೇ ಬೇಕು. ಅಷ್ಟರೊಳಗೆ ಮೀನನ್ನು ಬಿಟ್ಟವರು ಅದನ್ನು ಬೇಗನೆ ಕಳೆದುಕೊಳ್ಳುವರು.

ಹವಳದ ವಿಚಾರದಲ್ಲಿ ವಿವೇಕದೊಡನೆ ಕಾನೂನೂ ಸೇರಿದೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದ ಸುತ್ತ ಹವಳಗಳುಂಟು. ಆದರೆ ದಿಬ್ಬಕಟ್ಟುವ ಹವಳಗಳನ್ನು ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದ ಮೊದಲನೆಯ ಅನುಸೂಚಿಗೆ ೨೦೦೧ರಲ್ಲಿ ಸೇರಿಸಲಾಯಿತು. ಅವುಗಳನ್ನು ಕಡಲಿನಿಂದ ಕಿತ್ತು ತರುವುದು ಅಪರಾಧ. ಈ ಮೀನಿಗೆ ಹವಳ ಆಹಾರವಲ್ಲ. ಅದಕ್ಕೆ ಬೇಕಾದುದು ಅಡಗಿ ಕುಳಿತುಕೊಳ್ಳುವುದಕ್ಕೂ ಮೊಟ್ಟೆಯಿಡುವುದಕ್ಕೂ ತಕ್ಕ ಪೊಟರೆ. ರಂಧ್ರಗಳುಳ್ಳ ಕೃತಕ ಶಿಲೆ ಅದಕ್ಕೆ ಸಾಕು. ತೊಟ್ಟಿಗಳಲ್ಲಿಯೇ ಮರಿಮಾಡಿಸಿದ ಮೀನುಗಳು ದೊರೆಯುವುದರಿಂದ ಕಡಲಿನ ಸಂಪತ್ತಿಗೂ ಕುಂದಾಗಬೇಕಿಲ್ಲ.

ಹಾಗಾದರೆ ಸಾಕುವವನಿಗೆ ಅಪಾಯವೆಷ್ಟು? ಮೀನು ತಾನಾಗಿ ಬೆನ್ನಟ್ಟಿ ಕಚ್ಚುವುದಿಲ್ಲ. ಮುಷ್ಟಿಯಲ್ಲಿ ಹಿಡಿದರೆ ಕಚ್ಚಬಹುದು. ಕೈಯನ್ನಾಗಲಿ ಬಲೆಯನ್ನಾಗಲಿ ಬಳಸದೆ ಪಾತ್ರೆಯಿಂದ ನೀರಿನೊಡನೆಯೇ ಅದನ್ನು ಎತ್ತುವುದು ಸುರಕ್ಷಿತ ಕ್ರಮ. ಮೀನಿನ ವಿಷಕ್ಕೆ ಇಷ್ಟು ಎಚ್ಚರ ಸಾಕು. ತೊಟ್ಟಿಯ ನೀರಿನಲ್ಲಿ ಹುಟ್ಟುವ ವಿಷಕ್ಕಾದರೋ ನಿತ್ಯದ ಎಚ್ಚರ ಬೇಕು. ಅದನ್ನು ಉಗುಳಿ ಪಾರಾಗುವ ಉಪಾಯ ಮೀನಿಗಿಲ್ಲ.