ಯಾವ ಕ್ಯಾಮೆರಾ? ಮೊದಲು ಸೀನ್ ನೋಡಿ

‘ಸರ್, ಎಷ್ಟು ಕೆ ಕ್ಯಾಮೆರಾ?’ ಅಂತ ತುಂಬಾ ಜನ ಕೇಳ್ತಾರೆ. ನಿರ್ದೇಶಕನಾಗಿ ನಾನು ಮೊದಲು ಕೇಳಿಕೊಳ್ಳೋದು ಬೇರೆ: ಈ ಸೀನ್‌ಗೆ ಬೆಳಕು ಎಲ್ಲಿಂದ ಬರುತ್ತೆ?

ಹಗಲು ಹೊತ್ತು, ಕಿಟಕಿ ಪಕ್ಕ ನಟಿ ಕೂತಿದ್ದಾರೆ ಅಂದ್ಕೊಳ್ಳಿ. ಹೊರಗೆ ಉರಿಬಿಸಿಲು, ಮುಖದ ಮೇಲೆ ನೆರಳು. 2022ರಲ್ಲಿ ಬಂದ ಆರಿ ಅಲೆಕ್ಸಾ 35ಕ್ಕೆ 17 ಸ್ಟಾಪ್ ಡೈನಾಮಿಕ್ ರೇಂಜ್ ಇದೆ ಅನ್ನುತ್ತೆ ಕಂಪನಿ. ಒಂದು ಸ್ಟಾಪ್ ಹೆಚ್ಚಾದ್ರೆ ಬೆಳಕು ದುಪ್ಪಟ್ಟು. ಹಾಗಾಗಿ ಮುಖವೂ ಕಾಣುತ್ತೆ, ಆಚೆಯ ಆಕಾಶವೂ ಸುಮ್ಮನೆ ಬಿಳಿ ಹಾಳೆ ಆಗಲ್ಲ.

ರಾತ್ರಿ ಬೀದಿಯ ಸೀನ್ ಆದ್ರೆ ಲೆಕ್ಕ ಬೇರೆ. ಸೋನಿ ಎಫ್‌ಎಕ್ಸ್3, ಲೆನ್ಸ್ ಬಿಟ್ರೆ, ಮುಕ್ಕಾಲು ಕೆಜಿಯೂ ಇಲ್ಲ. ಅದರ ಎರಡನೇ ಬೇಸ್ ಐಎಸ್‌ಒ 12,800. ಅಂದ್ರೆ ಬೀದಿದೀಪದಂಥ ಕಡಿಮೆ ಬೆಳಕಲ್ಲೂ ನಾಯ್ಸ್ ಹತೋಟಿಯಲ್ಲಿರುತ್ತೆ. ಗ್ಯಾರೆತ್ ಎಡ್ವರ್ಡ್ಸ್ ಅವರ ‘ದಿ ಕ್ರಿಯೇಟರ್’ (2023) ಬಹುಪಾಲು ಶೂಟ್ ಆಗಿದ್ದು ಇದರಲ್ಲೇ. ಐಮ್ಯಾಕ್ಸ್ ಪರದೆಗೂ ಹೋಯ್ತು.

ಕ್ಯಾಮೆರಾ ಚಿಕ್ಕದಾದ್ರೆ ತಂಡ ಚಿಕ್ಕದು, ಲೈಟು ಕಡಿಮೆ, ಸೆಟಪ್ ಬೇಗ. ಉಳಿದ ಹೊತ್ತಲ್ಲಿ ನಟರಿಗೆ ಇನ್ನೊಂದು ಟೇಕ್ ಸಿಗುತ್ತೆ. ನಿರ್ದೇಶಕನಿಗೆ ಅದೇ ದೊಡ್ಡ ಲಾಭ.

ಮೊದಲ ಶಾರ್ಟ್ ಫಿಲ್ಮ್ ಮಾಡ್ತಿದ್ದೀರಾ? ಕ್ಯಾಮೆರಾ ಬಾಡಿಗೆಗೆ ತಗೊಳ್ಳೋ ಮುಂಚೆ ಸ್ಕ್ರಿಪ್ಟ್ ತೆಗೆದು, ಹಗಲಿನ ಸೀನ್ ಎಷ್ಟು, ರಾತ್ರಿಯದ್ದು ಎಷ್ಟು ಅಂತ ಎಣಿಸಿ.