ಮರಕ್ಕೆ ಬೆಂಡಿನ ಕವಚ

ಆಕಾಶಮಲ್ಲಿಗೆಯನ್ನು ಅರಿಯದ ಬೆಂಗಳೂರಿಗರು ವಿರಳ. ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ನೆಲವನ್ನೆಲ್ಲ ಮುಚ್ಚುವ ಬಿಳಿಯ ಹೂಗಳಿಂದ ಅದನ್ನು ಎಲ್ಲರೂ ಗುರುತಿಸುತ್ತಾರೆ. ತೊಗಟೆಯನ್ನು ಮುಟ್ಟಿ ನೋಡುವವರು ಕಡಮೆ. ಆಳವಾಗಿ ಬಿರುಕುಬಿಟ್ಟ ಆ ತೊಗಟೆ ಹಗುರವಾದ ಬೆಂಡು. ಇಂಗ್ಲಿಷರು ಈ ಮರವನ್ನು ‘ಇಂಡಿಯನ್ ಕಾರ್ಕ್ ಟ್ರೀ’ ಎಂದೇ ಕರೆದರು. ಸೀಸೆಯ ಬಿರಡೆಗೆ ಒದಗುವ ಉತ್ತಮ ಬೆಂಡು ಪೋರ್ಚುಗಲ್, ಸ್ಪೇನ್ ದೇಶಗಳ ಒಂದು ಬಗೆಯ ಓಕ್ ಮರದ್ದು. ನಮ್ಮದು ಕೆಳದರ್ಜೆಯದಾದರೂ ಹುಟ್ಟುವ ಬಗೆ ಒಂದೇ.

ಕಾಂಡವು ದಪ್ಪವಾಗುತ್ತ ಹೋದಂತೆ ಎಳೆತನದ ಹೊರಚರ್ಮವು ಹಿಗ್ಗಲಾರದೆ ಒಡೆಯುತ್ತದೆ. ಅಷ್ಟರೊಳಗೆ ತೊಗಟೆಯಲ್ಲಿನ ಕೆಲವು ಜೀವಕೋಶಗಳು ವಿಭಜನೆಯ ಶಕ್ತಿಯನ್ನು ಮರಳಿ ಪಡೆದು ತೆಳುವಾದ ಒಂದು ಪದರವಾಗಿರುತ್ತವೆ. ಇದೇ ಕಾರ್ಕ್ ಕೇಂಬಿಯಮ್. ಇದು ಹೊರಮುಖವಾಗಿ ಸಾಲುಸಾಲು ಕೋಶಗಳನ್ನು ನಿರ್ಮಿಸುತ್ತದೆ. ಅವುಗಳ ಭಿತ್ತಿಯಲ್ಲಿ ಸೂಬರಿನ್ ಎಂಬ ಮೇಣದಂಥ ವಸ್ತು ಸೇರಿಕೊಂಡು ನೀರಿನ ದಾರಿಯನ್ನು ಮುಚ್ಚುತ್ತದೆ. ಕೋಶವು ಸಾಯುತ್ತದೆ; ಒಳಗೆ ಗಾಳಿಯಷ್ಟೇ ಉಳಿಯುತ್ತದೆ. ಸತ್ತ ಮೇಲೆಯೇ ಅದರ ನಿಜವಾದ ಕೆಲಸ!

1665ರಲ್ಲಿ ರಾಬರ್ಟ್ ಹುಕ್ ತನ್ನ ಸೂಕ್ಷ್ಮದರ್ಶಕದಲ್ಲಿ ಕಂಡು ‘ಸೆಲ್’ ಎಂದು ಹೆಸರಿಟ್ಟದ್ದು ಈ ಬರಿದಾದ ಕೋಣೆಗಳನ್ನೇ. ಒಂದು ಘನ ಅಂಗುಲದಲ್ಲಿ ಅವು 125 ಕೋಟಿಗೂ ಹೆಚ್ಚೆಂದು ಆತ ಲೆಕ್ಕ ಹಾಕಿದ. ಅಷ್ಟು ಕೋಣೆಗಳಲ್ಲಿ ಸೆರೆಯಾದ ಗಾಳಿಯು ಅಲುಗದು. ಆದುದರಿಂದ ಶಾಖವೂ ಸುಲಭವಾಗಿ ದಾಟದು. ಭೌತಶಾಸ್ತ್ರದವರಾದ ನಮಗೆ ಇನ್ನೊಂದು ಗುಣವೂ ಪ್ರಿಯ. ರಬ್ಬರನ್ನು ಉದ್ದಕ್ಕೆ ಒತ್ತಿದರೆ ಪಕ್ಕಕ್ಕೆ ಉಬ್ಬುತ್ತದೆ. ಬೆಂಡು ಬಹುಮಟ್ಟಿಗೆ ಉಬ್ಬುವುದಿಲ್ಲ. ಬಿರಡೆಯು ಸೀಸೆಯ ಕೊರಳಿನೊಳಗೆ ಇಳಿಯುವ ಗುಟ್ಟು ಇದು.

ಪೂರ್ತಿ ಮುಚ್ಚಿದರೆ ಒಳಗಿನ ಜೀವಕೋಶಗಳು ಉಸಿರಾಡುವುದೆಂತು? ಅದಕ್ಕಾಗಿ ಬೆಂಡಿನಲ್ಲಿ ಅಲ್ಲಲ್ಲಿ ಲೆಂಟಿಸೆಲ್ ಎಂಬ ಸಡಿಲವಾದ ಉಸಿರುಗಂಡಿಗಳಿವೆ.

ಗಾಯವಾದೆಡೆಯಲ್ಲಿಯೂ ಬೆಂಡು ಹುಟ್ಟುತ್ತದೆ. ಆಲೂಗೆಡ್ಡೆಯೊಂದನ್ನು ಕೊಯ್ದು, ಪೂರಾ ಒಣಗದಂತೆ ಕೆಲವು ದಿನ ಇಟ್ಟು ನೋಡಿರಿ. ಕೊಯ್ದ ಮುಖದ ಮೇಲೆ ಹೊಸ ಸಿಪ್ಪೆ ಕಟ್ಟಿರುತ್ತದೆ. ಪೀಣ್ಯದ ಕಾರ್ಖಾನೆಗಳ ಬೀದಿಗಳಲ್ಲಿ, ವೈಟ್‌ಫೀಲ್ಡಿನ ಕಚೇರಿಗಳೆದುರು ಮರಗಳಿಗೆ ಹೊಡೆದ ಜಾಹೀರಾತಿನ ಮೊಳೆಗಳನ್ನು ನಾವು ಕಾಣುತ್ತೇವೆ. ಅಂಥ ಸಣ್ಣ ಗಾಯವನ್ನು ಮರವು ಹೀಗೆಯೇ ಬೆಂಡಿನಿಂದ ಸುತ್ತುಗಟ್ಟಲು ಹೆಣಗುತ್ತದೆ. ಕಾಂಡದ ಸುತ್ತ ಬಿಗಿದ ತಂತಿಯ ಮಾತು ಬೇರೆ. ಎಲೆಗಳಲ್ಲಿ ತಯಾರಾದ ಸಕ್ಕರೆಯನ್ನು ಬೇರಿಗೆ ಒಯ್ಯುವ ನಾಳಗಳು ಇರುವುದು ಈ ಕವಚಕ್ಕೆ ತಾಗಿದಂತೆ, ಒಳಮಗ್ಗುಲಲ್ಲಿ. ಮರವು ದಪ್ಪವಾದಂತೆ ತಂತಿಯು ಅವುಗಳನ್ನು ಸುತ್ತಲೂ ಹಿಸುಕುತ್ತದೆ. ನೀರನ್ನು ಮೇಲಕ್ಕೊಯ್ಯುವ ನಾಳಗಳು ಇನ್ನೂ ಒಳಗೆ, ಕಟ್ಟಿಗೆಯಲ್ಲಿ ಸುರಕ್ಷಿತವಾಗಿರುತ್ತವೆ. ಹೀಗಾಗಿ ಎಲೆಗಳು ಬಹುಕಾಲ ಹಸಿರಾಗಿಯೇ ಇದ್ದು, ಬೇರು ಉಪವಾಸ ಬಿದ್ದಿರುವುದು ದಾರಿಹೋಕರಿಗೆ ತಿಳಿಯುವುದಿಲ್ಲ.